ಒಪಿಯಾಯ್ಡ್ ಪಾಠ: ಒಂದೇ ಮಾತ್ರೆ, ಬೇರೆ ಬೇರೆ ಜನ

ಬೋಧನಾಭ್ಯಾಸದ ಅವಧಿಯಲ್ಲಿ ಗಂಜಾಂನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಮಾದಕ ವಸ್ತುಗಳ ಬಗ್ಗೆ ಪಾಠ ಮಾಡಿದೆ. ಪೂರ್ವಜ್ಞಾನದ ಪ್ರಶ್ನೆಗೆ ಮಕ್ಕಳೆಲ್ಲ ‘ಗಾಂಜಾ’ ಎಂದರು. ಊರಿನ ಹೆಸರಿಗೆ ಹೊಂದಿಸಿ ನಕ್ಕರು. ಗಾಂಜಾ ಬೇರೆ ಗಿಡದ್ದು, ಇಂದಿನ ಪಾಠ ಅಫೀಮಿನ ಗುಂಪಿನದು ಎಂದು ತಿಳಿಸಿ, ಗಸಗಸೆ ಪಾಯಸದಿಂದ ಪಾಠ ಆರಂಭಿಸಿದೆ. ಗಸಗಸೆ ಗಿಡದ ಹಸಿಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಪಾಯಸಕ್ಕೆ ಹಾಕುವ ಬೀಜದಲ್ಲಿ ಅದರ ಅಂಶ ಅತ್ಯಲ್ಪ. ಮಾರ್ಫಿನ್, ಕೊಡೀನ್ ಅಫೀಮಿನಲ್ಲಿಯೇ ಇವೆ. ಹೆರಾಯಿನ್ ಮಾರ್ಫಿನ್‌ನಿಂದ ತಯಾರಾಗುತ್ತದೆ. ಟ್ರಮಡಾಲ್, ಟಪೆಂಟಡಾಲ್ ಕಾರ್ಖಾನೆಯ ಮಾತ್ರೆಗಳು. ಇವೆಲ್ಲವೂ ಒಪಿಯಾಯ್ಡ್‌ಗಳು.

ಇವು ಮಿದುಳಿನಲ್ಲಿ ನೋವಿನ ಸಂದೇಶವನ್ನು ತಗ್ಗಿಸುತ್ತವೆ, ಜೊತೆಗೆ ಉಸಿರಾಟವನ್ನೂ ನಿಧಾನಗೊಳಿಸುತ್ತವೆ. ದಿನವೂ ತೆಗೆದುಕೊಂಡರೆ ಮೊದಲಿನ ಪ್ರಮಾಣ ಸಾಲದು. ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಬೆವರು, ಭೇದಿ, ನಿದ್ರಾಹೀನತೆ. ಕೆಲಕಾಲ ಬಿಟ್ಟವರು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

‘ಮುಟ್ಟಿದವರೆಲ್ಲ ಹಾಳಾಗುತ್ತಾರೆ’ ಎಂದು ನಾನು ಪಾಠ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ ತಾತಂಗೆ ಕ್ಯಾನ್ಸರ್. ಮಾರ್ಫಿನ್ ಮಾತ್ರೆ ಕೊಟ್ಟವ್ರೆ. ತಾತನೂ ಹಾಳಾಯ್ತಾರಾ?” ಎಂದಳು. ಆ ಮಾತನ್ನು ಅವಳು ಮನೆಗೆ ಒಯ್ದಿದ್ದರೆ ತಾತ ಮಾತ್ರೆ ಬಿಟ್ಟು ನೋವು ತಿನ್ನಬೇಕಾಗಿತ್ತು. ನಾನು ಹೇಳಿದ್ದು ತಪ್ಪು ಎಂದು ಅಲ್ಲೇ ಒಪ್ಪಿಕೊಂಡೆ.

ಮರುದಿನ ಕಪ್ಪುಹಲಗೆಯ ಮೇಲೆ ‘ಯಾರಿಗೆ ಏನು?’ ಎಂದು ಬರೆದು ಪಾಠವನ್ನು ಮತ್ತೆ ಮಾಡಿದೆ.

ಕ್ಯಾನ್ಸರ್ ರೋಗಿಗೆ ವೈದ್ಯರ ನಿಗಾದಲ್ಲಿ ಮಾರ್ಫಿನ್ ಅಗತ್ಯ ಔಷಧ. ದೇಹ ಅದಕ್ಕೆ ಒಗ್ಗಿಕೊಳ್ಳಬಹುದು; ಅದೊಂದೇ ವ್ಯಸನವಲ್ಲ. ಹಾನಿಯಾಗುತ್ತಿದ್ದರೂ ಬಿಡಲಾಗದೆ ಅದರ ಹಿಂದೆಯೇ ಬೀಳುವುದು ವ್ಯಸನ. ರೋಗಿಗಳಿಗೆ ಈ ಔಷಧ ಸುಲಭವಾಗಿ ಸಿಗಲೆಂದೇ 1985ರ ಮಾದಕ ವಸ್ತು ಕಾಯ್ದೆಯನ್ನು 2014ರಲ್ಲಿ ತಿದ್ದಲಾಯಿತು.

ಹದಿಹರೆಯದವರ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ವ್ಯಸನದ ಅಪಾಯ ಹೆಚ್ಚು. ಒಂದೇ ಸೂಜಿ ಹಂಚಿಕೊಳ್ಳುವವರಿಗೆ ಎಚ್‌ಐವಿ, ಹೆಪಟೈಟಿಸ್ ಸಿ ತಗಲಬಹುದು. ಗರ್ಭಿಣಿ ದಿನವೂ ಬಳಸಿದರೆ ಹುಟ್ಟಿದ ಮಗುವಿಗೂ ಬಿಡುವಿಕೆಯ ತೊಂದರೆ ಕಾಣಿಸಬಹುದು. ಆಕೆ ಥಟ್ಟನೆ ನಿಲ್ಲಿಸದೆ ವೈದ್ಯರ ಬಳಿ ಹೋಗಬೇಕು. ವಯಸ್ಸಾದವರಿಗೆ ಮಂಪರು, ಮಲಬದ್ಧತೆ, ಬೀಳುವ ಭಯ.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು ಶೇ. 2.1ರಷ್ಟು ಜನ ಒಪಿಯಾಯ್ಡ್ ಬಳಸುತ್ತಾರೆ. ವ್ಯಸನಕ್ಕೆ ಬ್ಯೂಪ್ರೆನಾರ್ಫಿನ್‌ನಂಥ ಔಷಧವೂ ಆಪ್ತಸಲಹೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ರಾಷ್ಟ್ರೀಯ ಸಹಾಯವಾಣಿ 14446 ಎಂಬುದನ್ನು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಈ ಘಟಕ ತೆಗೆದುಕೊಳ್ಳುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ‘ಯಾರಿಗೆ ಏನು?’ ಎಂಬ ಪಟ್ಟಿಯನ್ನು ಮೊದಲ ದಿನವೇ ಪಾಠಯೋಜನೆಯಲ್ಲಿ ಸೇರಿಸಿ. ನಮ್ಮೆದುರಿನ ಮಕ್ಕಳಲ್ಲಿ ಯಾರ ಮನೆಯಲ್ಲಿ ಯಾವ ಮಾತ್ರೆ ಇದೆಯೋ ನಮಗೆ ತಿಳಿದಿರುವುದಿಲ್ಲ.