ಉಪಾಧ್ಯಾಯಧರ್ಮವೂ ಪರಿಸರಪ್ರಜ್ಞೆಯೂ

ಜೀವನೋಪಾಯಕ್ಕಾಗಿ ಕೈಕೊಂಡ ವೃತ್ತಿಯು ವ್ರತವಾಗುವುದು ಯಾವಾಗ ಎಂಬ ಪ್ರಶ್ನೆಯು ಉಪಾಧ್ಯಾಯರ ವಿಷಯದಲ್ಲಿ ವಿಶೇಷವಾಗಿ ವಿಚಾರಣೀಯವಾದುದು. ‘ಕಾಡನ್ನು ಕಾಪಾಡಬೇಕು’ ಎಂಬ ವಿಧಿಯನ್ನು ಕಂಠಪಾಠ ಮಾಡಿಸುವುದು ಸುಲಭ. ಕಾಡಿನಲ್ಲಿ ಆದರವನ್ನು ಹುಟ್ಟಿಸುವುದು ದುಷ್ಕರ. ಈ ಎರಡಕ್ಕೂ ಇರುವ ಅಂತರವನ್ನು ಬಿ. ಜಿ. ಎಲ್. ಸ್ವಾಮಿಯವರ ಅಧ್ಯಾಪನದಿಂದ ತಿಳಿಯಬಹುದು.

ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳೊಡನೆ ಪಶ್ಚಿಮಘಟ್ಟಗಳಲ್ಲಿ ಅವರು ನಡೆಸಿದ ಸಸ್ಯಾನ್ವೇಷಣವೇ 1976ರಲ್ಲಿ ಪ್ರಕಟವಾದ ‘ಹಸುರು ಹೊನ್ನು’ ಗ್ರಂಥದ ವಸ್ತು. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಚಿತ್ರಗಳನ್ನೂ ಗ್ರಂಥಕರ್ತರೇ ಬರೆದಿದ್ದಾರೆ. ಶಿಷ್ಯರ ವಿನೋದ, ಗಿಡದ ಲಕ್ಷಣ, ಹೆಸರಿನ ವ್ಯುತ್ಪತ್ತಿ, ಕಾವ್ಯಸ್ಮರಣೆ ಇವೆಲ್ಲ ಅಲ್ಲಿ ಒಂದೇ ಹಾದಿಯಲ್ಲಿ ನಡೆಯುತ್ತವೆ. ಉಪದೇಶವು ವಿರಳ, ತೋರಿಸುವುದೇ ಪ್ರಧಾನ.

ಹೀಗೆ ತೋರಿಸುವ ಶಕ್ತಿಯ ಮೂಲವು ಅವರ ಸ್ವಂತ ಅಭ್ಯಾಸದಲ್ಲಿದೆ. 1950ರಲ್ಲಿ ಅವರೂ ಹಾರ್ವರ್ಡಿನ ಇರ್ವಿಂಗ್ ಬೈಲಿಯವರೂ ಸಾರ್ಕಾಂಡ್ರ ಎಂಬ ಸಸ್ಯಕುಲವನ್ನು ಪರೀಕ್ಷಿಸಿ, ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿರುವ ನೀರ್ನಾಳಗಳು ಅದರ ಕಾಷ್ಠದಲ್ಲಿ ಇಲ್ಲವೆಂದು ಪ್ರತಿಪಾದಿಸಿದರು. ಅದೇ ಕುಲದ ಒಂದು ಸಸ್ಯಕ್ಕೆ ಸ್ವಾಮಿಯವರು ಬೈಲಿಯವರ ಹೆಸರನ್ನೇ ಇಟ್ಟು ಗುರುಋಣವನ್ನು ಸಲ್ಲಿಸಿದರು. ಕಾಲಾಂತರದಲ್ಲಿ, 1987ರಲ್ಲಿ, ಶೆರ್ವಿನ್ ಕಾರ್ಲ್‌ಕ್ವಿಸ್ಟರು ಸಾರ್ಕಾಂಡ್ರದಲ್ಲಿಯೂ ನಾಳಗಳುಂಟೆಂದು ತೋರಿಸಿದರು. ಇದರಿಂದ ಮೊದಲಿನವರ ಗೌರವಕ್ಕೆ ಕುಂದಿಲ್ಲ. ಗುರುವಿನಿಂದ ಶಿಷ್ಯನಿಗೆ ಸಲ್ಲಬೇಕಾದುದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಮತ್ತೊಮ್ಮೆ ನೋಡುವ ನಿಷ್ಠೆ.

ಗಿಡದ ಹೆಸರು ತಿಳಿದ ಮಾತ್ರಕ್ಕೆ ಕಾಡು ಉಳಿದೀತೆ ಎಂದು ಆಕ್ಷೇಪಿಸಬಹುದು. ಉಳಿಯಲಾರದು ನಿಜ, ಅದಕ್ಕೆ ಶಾಸನವೂ ಬೇಕು, ಜನರ ಸಹಕಾರವೂ ಬೇಕು. ಆದರೆ ಒಂದರಿಂದ ಒಂದನ್ನು ಬೇರ್ಪಡಿಸಿ ಕಾಣಲಾರದವನಿಗೆ ಕಾಡೆಂದರೆ ಬರಿಯ ಹಸುರುರಾಶಿ. ಅದನ್ನು ಕಡಿದು ಒಂದೇ ಜಾತಿಯ ಮರಗಳ ತೋಪನ್ನು ಬೆಳೆಸಿದರೂ ಅವನಿಗೆ ನಷ್ಟವು ತೋರದು. ಗುರುತಿಸಿದವನಿಗೆ ಮಾತ್ರ ಇಲ್ಲದಿರುವುದೂ ಕಾಣುತ್ತದೆ. ಪರಿಸರಪ್ರಜ್ಞೆಯ ಪ್ರಥಮ ಸೋಪಾನವು ಇದೇ.

ಈ ಕಾರ್ಯವು ಸಸ್ಯಶಾಸ್ತ್ರಜ್ಞರಿಗೆ ಮಾತ್ರ ಮೀಸಲಲ್ಲ. ಕಾವ್ಯಗಳ ವನವರ್ಣನೆಯಲ್ಲಿ ಬರುವ ಸುರಗಿ, ಪಾದರಿ, ಸುರಹೊನ್ನೆಗಳನ್ನು ‘ಒಂದು ಬಗೆಯ ಮರ’ ಎಂದು ಅರ್ಥ ಹೇಳಿ ಮುಂದೆ ಸಾಗುವ ಸಾಹಿತ್ಯದ ಉಪಾಧ್ಯಾಯರಾದ ನಾವೂ ಇಲ್ಲಿ ಹೊಣೆಗಾರರು. ಆ ಮರವನ್ನು ತಾನು ಹುಡುಕಿ ಕಂಡು, ವಿದ್ಯಾರ್ಥಿಯನ್ನು ಅದರ ನೆರಳಿಗೆ ಕರೆದೊಯ್ಯುವವನಲ್ಲಿ ವೃತ್ತಿಯು ವ್ರತವಾಗುತ್ತದೆ.