ಪಾಳಿ ಮುಗಿಸಿ ಪರೀಕ್ಷೆಗೆ: ಲಾ ಫರ್ಮ್ ಆಯ್ಕೆಗೆ ಸಿದ್ಧತೆ ಹೇಗೆ?

ರಾಯಚೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ಕೃಷ್ಣಾ ನದಿಯ ದಂಡೆಯ ಮೇಲೆ ಶಕ್ತಿನಗರದ ಚಿಮಣಿಗಳು ಕಾಣಿಸುತ್ತವೆ. ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಮುಂದೆ ಅದು ಎಂಟು ಘಟಕಗಳಿಗೆ ಬೆಳೆದು 1,720 ಮೆಗಾವಾಟ್ ಸಾಮರ್ಥ್ಯ ಪಡೆಯಿತು. ಊರಿನ ಊಟ, ನಿದ್ರೆ, ಓದು ಎಲ್ಲವೂ ಪಾಳಿಯನ್ನು ಅನುಸರಿಸಿಯೇ ನಡೆಯುತ್ತವೆ.

ಇಂಥ ಊರಿನಲ್ಲಿ ಹೊಟ್ಟೆಪಾಡಿಗೆ ಒಂದು ಕೆಲಸ ಹಿಡಿದು, ದೊಡ್ಡ ಲಾ ಫರ್ಮ್ ಸೇರುವ ಆಸೆ ಇಟ್ಟುಕೊಂಡ ಯುವಕನಿಗೋ ಯುವತಿಗೋ ಒಂದು ದಿನ ಪತ್ರ ಬರುತ್ತದೆ: ‘ನೀವು ಅಸೆಸ್‌ಮೆಂಟ್ ಸೆಂಟರ್‌ಗೆ ಆಯ್ಕೆಯಾಗಿದ್ದೀರಿ.’ ಕೈಯಲ್ಲಿರುವುದು ಮೂರೋ ನಾಲ್ಕೋ ವಾರ. ರಜೆ ಸಿಗುವುದು ಎರಡು ದಿನ. ಕೆಲಸ ಬಿಟ್ಟು ಓದಬೇಕೇ? ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಬೇಕೇ? ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಎರಡಕ್ಕೂ ಉತ್ತರ, ಬೇಡ. ಮಾಡುತ್ತಿರುವ ಕೆಲಸವೇ ಈ ಪರೀಕ್ಷೆಗೆ ಅರ್ಧ ಸಿದ್ಧತೆ ಎಂಬುದನ್ನು ಮೊದಲು ತಿಳಿಯಬೇಕು.

ಏನಿದು ಪರೀಕ್ಷೆ?

ಹೆಸರಿನಲ್ಲಿ ‘ಸೆಂಟರ್’ ಇದ್ದರೂ ಇದು ಕಟ್ಟಡವಲ್ಲ. ಅರ್ಧ ದಿನ ಅಥವಾ ಒಂದು ದಿನ ನಡೆಯುವ ಆಯ್ಕೆಯ ಕ್ರಮ. ಅಭ್ಯರ್ಥಿಗೆ ಬೇರೆ ಬೇರೆ ಕೆಲಸ ಕೊಟ್ಟು, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು ಗಮನಿಸಿ ಅಂಕ ಹಾಕುತ್ತಾರೆ. ಸೇನಾಧಿಕಾರಿಗಳ ಆಯ್ಕೆಗೆ ನಡೆಯುವ ಎಸ್.ಎಸ್.ಬಿ. ಸಂದರ್ಶನದ ಬಗ್ಗೆ ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಎರಡಕ್ಕೂ ಮೂಲ ಒಂದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ಸೇನೆ ಬರೀ ಸಂದರ್ಶನವನ್ನು ನಂಬದೆ ಗುಂಪು ಕಾರ್ಯಗಳ ಮೂಲಕ ಅಧಿಕಾರಿಗಳನ್ನು ಆರಿಸತೊಡಗಿತು. 1956ರಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ದೂರವಾಣಿ ಕಂಪನಿ ಈ ಬಗೆಯ ಪದ್ಧತಿಯನ್ನು ಉದ್ಯಮಕ್ಕೆ ತಂದಿತು.

ಲಂಡನ್ನಿನ ದೊಡ್ಡ ಕಾನೂನು ಸಂಸ್ಥೆಗಳು ಎರಡು ವರ್ಷದ ‘ಟ್ರೈನಿಂಗ್ ಕಾಂಟ್ರಾಕ್ಟ್’ಗೆ ಹೀಗೆ ಆರಿಸುತ್ತವೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ವಿದ್ಯಾರ್ಥಿಗಳು ಅಂಥ ಸಂಸ್ಥೆಗಳನ್ನು ಸೇರಿದ್ದುಂಟು. ಇಂಗ್ಲೆಂಡಿನಲ್ಲಿ 2021ರಲ್ಲಿ ಜಾರಿಗೆ ಬಂದ ಎಸ್.ಕ್ಯೂ.ಇ. ಪದ್ಧತಿಯಲ್ಲಿ ಸಾಲಿಸಿಟರ್ ಆಗಲು ಕಾನೂನು ಪದವಿಯೇ ಬೇಕೆಂದಿಲ್ಲ. ಯಾವುದೇ ವಿಷಯದ ಪದವಿ, ಪರೀಕ್ಷೆಯಲ್ಲಿ ತೇರ್ಗಡೆ, ಎರಡು ವರ್ಷದ ಕಾನೂನು ಕೆಲಸದ ಅನುಭವ ಇರಬೇಕು. ನಮ್ಮ ದೇಶದಲ್ಲಿ ಹಾಗಲ್ಲ, ವಕೀಲರಾಗಲು ಎಲ್ಎಲ್.ಬಿ. ಬೇಕೇ ಬೇಕು, ಅಂಚೆ ಮೂಲಕ ಪಡೆದ ಪದವಿಗೆ ಮಾನ್ಯತೆ ಇಲ್ಲ. ಬೆಂಗಳೂರು, ಮುಂಬೈ ಲಾ ಫರ್ಮ್‌ಗಳು ಹೆಚ್ಚಾಗಿ ಇಂಟರ್ನ್‌ಶಿಪ್ ಮತ್ತು ಸಂದರ್ಶನ ನೋಡಿ ಆರಿಸುತ್ತವೆ. ಆದರೆ ಎಲ್ಲಿ ಹೋದರೂ ಅಳೆಯುವ ಗುಣಗಳು ಬಹುತೇಕ ಒಂದೇ.

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆ, ಶಿಕ್ಷಣಗಳಲ್ಲಿ ಮೀಸಲಾತಿ ದೊರೆತಿದೆ. ಖಾಸಗಿ ಲಾ ಫರ್ಮ್‌ಗೆ ಅದು ಅನ್ವಯಿಸದು. ಅಲ್ಲಿ ಆ ಒಂದು ದಿನವೇ ಎಲ್ಲವನ್ನೂ ನಿರ್ಧರಿಸುತ್ತದೆ.

ನಾಲ್ಕು ಮೆಟ್ಟಿಲು

ಮೊದಲನೆಯದು ತರ್ಕ ಪರೀಕ್ಷೆ. ಅನೇಕ ಸಂಸ್ಥೆಗಳು ‘ವಾಟ್ಸನ್-ಗ್ಲೇಸರ್’ ಎಂಬ ಪರೀಕ್ಷೆಯನ್ನು ಬಳಸುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ 40 ಪ್ರಶ್ನೆ. ಕೊಟ್ಟ ಮಾತಿನಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದಷ್ಟೇ ವಿಷಯ. ‘ಕಳೆದ ವಾರ ಒದ್ದೆ ಕಲ್ಲಿದ್ದಲು ಬಂತು; ಅದೇ ವಾರ ಉತ್ಪಾದನೆ ಕುಸಿಯಿತು’ ಎಂಬ ಹೇಳಿಕೆ ಇದೆ ಎನ್ನಿ. ‘ಒದ್ದೆ ಕಲ್ಲಿದ್ದಲಿನಿಂದಲೇ ಉತ್ಪಾದನೆ ಕುಸಿಯಿತು’ ಎನ್ನಬಹುದೇ? ಸ್ಥಾವರದಲ್ಲಿ ದುಡಿದವನು ತನ್ನ ಅನುಭವದ ಮೇಲೆ ಹೌದು ಎಂದಾನು. ಪರೀಕ್ಷೆಯಲ್ಲಿ ಅದು ತಪ್ಪು. ಹೇಳಿಕೆಯಲ್ಲಿ ಕಾರಣ ಕೊಟ್ಟಿಲ್ಲ. ತಿಳಿದದ್ದನ್ನು ಪಕ್ಕಕ್ಕಿಟ್ಟು ಬರೆದದ್ದನ್ನು ಮಾತ್ರ ಓದುವ ಅಭ್ಯಾಸ ಬೇಕು.

ಎರಡನೆಯದು ಲಿಖಿತ ಕಾರ್ಯ. ಕಾಗದಪತ್ರಗಳ ಒಂದು ಕಟ್ಟು ಕೊಟ್ಟು, ಕಕ್ಷಿದಾರನಿಗೆ ಸಲಹೆ ಬರೆಯಲು ಹೇಳುತ್ತಾರೆ. ಮಾನ್ವಿಯ ಒಂದು ಅಕ್ಕಿ ಗಿರಣಿಯನ್ನು ಕೊಳ್ಳುವವನೊಬ್ಬ ಸಲಹೆ ಕೇಳಿದ್ದಾನೆಂದು ಊಹಿಸಿ. ಪಹಣಿ ಯಾರ ಹೆಸರಿನಲ್ಲಿದೆ? ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಆಗಿದೆಯೇ? ಋಣಭಾರ ಪತ್ರದಲ್ಲಿ ಬ್ಯಾಂಕಿನ ಅಡಮಾನ ಕಾಣುತ್ತದೆಯೇ? ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆಯೇ? ಕಾರ್ಮಿಕರ ಭವಿಷ್ಯನಿಧಿ, ಕರೆಂಟ್ ಬಿಲ್ಲು ಬಾಕಿ ಉಳಿದಿವೆಯೇ? ಕೋರ್ಟಿನಲ್ಲಿ ದಾವೆ ನಡೆಯುತ್ತಿದೆಯೇ? ದೊಡ್ಡ ಕಂಪನಿಗಳ ಖರೀದಿಯಲ್ಲಿಯೂ ಲಾ ಫರ್ಮ್‌ಗಳು ಕೇಳುವುದು ಇದೇ ಜಾತಿಯ ಪ್ರಶ್ನೆಗಳನ್ನು. ಎಲ್ಲವನ್ನೂ ಬರೆದರೆ ಸಾಲದು. ಖರೀದಿಯನ್ನೇ ನಿಲ್ಲಿಸುವಂಥ ದೋಷ ಯಾವುದು, ಬೆಲೆ ಇಳಿಸಿ ಸರಿಪಡಿಸಬಹುದಾದದ್ದು ಯಾವುದು ಎಂದು ವಿಂಗಡಿಸಬೇಕು. ಮುಖ್ಯ ಸಲಹೆ ಮೊದಲ ಪ್ಯಾರಾದಲ್ಲೇ ಇರಬೇಕು.

ಮೂರನೆಯದು ಗುಂಪು ಚರ್ಚೆ. ಇಲ್ಲಿಯೇ ನಮ್ಮ ಭಾಗದ ಮಕ್ಕಳು ಹಿಂಜರಿಯುವುದು. ಕಾನ್ವೆಂಟಿನ ಇಂಗ್ಲಿಷ್ ಆಡುವವರ ಎದುರು ಬಾಯಿ ಕಟ್ಟುತ್ತದೆ. ಆದರೆ ಹೆಚ್ಚು ಮಾತಾಡಿದವರಿಗೇ ಹೆಚ್ಚು ಅಂಕವೆಂಬುದು ತಪ್ಪು ಕಲ್ಪನೆ. ಸಮಯ ನೋಡಿಕೊಳ್ಳುವವನು, ಸುಮ್ಮನೆ ಕುಳಿತವರ ಅಭಿಪ್ರಾಯ ಕೇಳುವವನು, ಕೊನೆಗೆ ಎಲ್ಲರ ಮಾತನ್ನು ಒಟ್ಟುಗೂಡಿಸುವವನು ಗಮನ ಸೆಳೆಯುತ್ತಾನೆ. ಚಿಕ್ಕ ವಾಕ್ಯ, ನಿಧಾನದ ಮಾತು, ಸ್ಪಷ್ಟ ವಿಚಾರ ಇಷ್ಟಿದ್ದರೆ ಉಚ್ಚಾರಣೆ ಅಡ್ಡಿಯಾಗದು.

ನಾಲ್ಕನೆಯದು ಸಂದರ್ಶನ. ‘ಕಷ್ಟದ ಸಂದರ್ಭವನ್ನು ಹೇಗೆ ನಿಭಾಯಿಸಿದಿರಿ?’ ಎಂಬುದು ತಪ್ಪದೆ ಬರುವ ಪ್ರಶ್ನೆ. ಸಂದರ್ಭ, ನಿಮ್ಮ ಹೊಣೆ, ನೀವು ಕೈಗೊಂಡ ಕ್ರಮ, ಅದರ ಫಲ ಎಂಬ ನಾಲ್ಕು ಭಾಗಗಳಲ್ಲಿ ಉತ್ತರಿಸಬೇಕು.

ಕೆಲಸವೇ ಪಠ್ಯ

ದುಡಿಯುವ ಅಭ್ಯರ್ಥಿಗೆ ಇರುವ ಅನುಕೂಲ ಇಲ್ಲಿದೆ. ಪಾಳಿ ಬದಲಾಗುವಾಗ ಲಾಗ್ ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ಮುಂದಿನವರಿಗೆ ಜವಾಬ್ದಾರಿ ಒಪ್ಪಿಸುವುದು, ಗುತ್ತಿಗೆದಾರನ ಬಿಲ್ಲಿನಲ್ಲಿ ತಪ್ಪು ಹಿಡಿಯುವುದು, ಸಿಟ್ಟಾದ ಗ್ರಾಹಕನನ್ನು ಸಮಾಧಾನಪಡಿಸುವುದು ಇವೆಲ್ಲ ಲಾ ಫರ್ಮ್ ಹುಡುಕುವ ಗುಣಗಳೇ. ದಿನಕ್ಕೊಂದು ಘಟನೆಯನ್ನು ಡೈರಿಯಲ್ಲಿ ಬರೆದಿಟ್ಟರೆ ನಾಲ್ಕು ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಉದಾಹರಣೆಗಳು ಕೈಯಲ್ಲಿರುತ್ತವೆ. ಅವುಗಳಲ್ಲಿ ಆರು ಒಳ್ಳೆಯವನ್ನು ಆರಿಸಿ, ಬಾಯಲ್ಲಿ ಹೇಳಿ ರೂಢಿಸಿಕೊಳ್ಳಬೇಕು.

ಒಂದು ಎಚ್ಚರಿಕೆ ಅಗತ್ಯ. ಈಗಿನ ಸಂಸ್ಥೆಯ ಗುಟ್ಟು, ದರಪಟ್ಟಿ, ವ್ಯಕ್ತಿಗಳ ಹೆಸರು ಸಂದರ್ಶನದಲ್ಲಿ ಬಾಯಿಗೆ ಬರಬಾರದು. ಕಕ್ಷಿದಾರನ ಗುಟ್ಟು ಕಾಯುವುದು ವಕೀಲನ ಧರ್ಮ. ಇಂದಿನ ಮಾಲೀಕನ ಗುಟ್ಟು ಬಿಟ್ಟುಕೊಡುವವನನ್ನು ನಾಳೆ ಯಾರು ನಂಬುತ್ತಾರೆ?

ನಾಲ್ಕು ವಾರದ ಲೆಕ್ಕ

ಮೊದಲ ವಾರ ಆ ಸಂಸ್ಥೆ ಯಾವ ಬಗೆಯ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ. ಪತ್ರಿಕೆಯ ವಾಣಿಜ್ಯ ಪುಟವನ್ನು ದಿನವೂ ಓದಿ, ಒಂದು ಸುದ್ದಿಯನ್ನು ಐದು ಸಾಲಿನಲ್ಲಿ ಬರೆಯಿರಿ. ಎರಡನೆಯ ವಾರ ದಿನಕ್ಕೆ ಅರ್ಧ ಗಂಟೆ ತರ್ಕ ಪ್ರಶ್ನೆಗಳು. ಮೂರನೆಯ ವಾರ ಗಡಿಯಾರ ಇಟ್ಟುಕೊಂಡು ಮೂರು ಲಿಖಿತ ಅಭ್ಯಾಸ. ಕೊನೆಯ ವಾರ ನಾಲ್ಕು ಗೆಳೆಯರನ್ನು ಸೇರಿಸಿ ಇಂಗ್ಲಿಷಿನಲ್ಲಿ ಗುಂಪು ಚರ್ಚೆ; ಅಣಕು ಸಂದರ್ಶನಕ್ಕೆ ಊರಿನ ಉಪನ್ಯಾಸಕರನ್ನೋ ವಕೀಲರನ್ನೋ ಕೇಳಿಕೊಳ್ಳಿ.

ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ಓದು ಬೇಡ, ನಿದ್ರೆ ಬೇಕು. ಪರೀಕ್ಷೆಯ ವಾರ ಸಹೋದ್ಯೋಗಿಯೊಡನೆ ಪಾಳಿ ಬದಲಿಸಿಕೊಳ್ಳುವುದನ್ನು ಮೊದಲೇ ಮಾತಾಡಿ, ಮೇಲಧಿಕಾರಿಯ ಒಪ್ಪಿಗೆ ಪಡೆಯಿರಿ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ನೇರವಾಗಿ ಪರೀಕ್ಷೆಗೆ ಕೂಡುವುದಕ್ಕಿಂತ ಒಂದು ದಿನ ಮುಂಚೆ ತಲುಪುವುದು ಲೇಸು.

ಪಾಲಕರಿಗೊಂದು ಮಾತು

ಆಯ್ಕೆಯ ಪತ್ರ ಕೈಗೆ ಬರುವ ಮೊದಲು ಮಗ ಅಥವಾ ಮಗಳು ಇರುವ ಕೆಲಸ ಬಿಡುವಂತೆ ಒತ್ತಾಯಿಸಬೇಡಿ. ಆಯ್ಕೆ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವವರು ಬಂದರೆ ಬಾಗಿಲಿನಿಂದಲೇ ಕಳಿಸಿ. ವಿದೇಶದ ಸಂಸ್ಥೆಯಾದರೆ ಪ್ರಯಾಣದ ಖರ್ಚು, ವೀಸಾ, ಮುಂದಿನ ಪರೀಕ್ಷೆಯ ಶುಲ್ಕ ಯಾರ ಪಾಲು ಎಂದು ಬರವಣಿಗೆಯಲ್ಲಿ ಕೇಳಿ ತಿಳಿಯಲು ಹೇಳಿ. ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಟಿ.ವಿ. ಸದ್ದಿಲ್ಲದಂತೆ ನೋಡಿಕೊಂಡರೆ ಅದೇ ದೊಡ್ಡ ಸಹಾಯ.

ಆಯ್ಕೆಯಾಗದಿದ್ದರೆ? ಎಲ್ಲಿ ಎಡವಿದೆ ಎಂದು ಸಂಸ್ಥೆಯನ್ನು ಕೇಳುವುದರಲ್ಲಿ ಸಂಕೋಚ ಬೇಡ, ಹೇಳುವ ಸಂಸ್ಥೆಗಳಿವೆ. ರಾಯಚೂರಿನ ನ್ಯಾಯಾಲಯವಿದೆ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠವಿದೆ. ಕಾನೂನು ಓದಿದವರಿಗೆ ದಾರಿ ಒಂದೇ ಅಲ್ಲ. ಕಾಗದ ಓದುವ, ಚುಟುಕಾಗಿ ಬರೆಯುವ, ನಾಲ್ಕು ಜನರೊಡನೆ ಕೂತು ತೀರ್ಮಾನಕ್ಕೆ ಬರುವ ಅಭ್ಯಾಸ ಅಲ್ಲಿಯೂ ಬೇಕು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ ಹಿರಿಯರು. ಪಾಳಿಯ ನಡುವೆ ಉಳಿಸಿಕೊಂಡ ಆ ಅರ್ಧ ಗಂಟೆಗಳು ವ್ಯರ್ಥವಾಗುವುದಿಲ್ಲ.