ಹಬ್ಬದ ತಾರೀಕು ಯಾಕೆ ಓಡಾಡುತ್ತೆ?

ಕಳೆದ ವರ್ಷ ಗೌರಿ-ಗಣೇಶಕ್ಕೆ ನಾವೆಲ್ಲ ಬ್ಯಾಗ್ ಹಾಕ್ಕೊಂಡು ಊರಿಗೆ ಹೋದ್ವಿ. ನಾಗರಬಾವಿಯ ಪಿಜಿಯಲ್ಲಿ ಉಳಿದವನು ಒಬ್ಬನೇ, ಇಥಿಯೋಪಿಯಾದ ನಮ್ಮ ಗೆಳೆಯ. ಮೆಸ್‌ಗೆ ರಜೆ, ಕೆಳಗಿನ ದರ್ಶಿನಿಗೂ ಬೀಗ. ಎರಡು ದಿನ ಬಾಳೆಹಣ್ಣು, ಕಡಲೆಕಾಯಿ ತಿಂದ್ಕೊಂಡು ಇದ್ದನಂತೆ. ಆ್ಯಪ್‌ನಲ್ಲಿ ತರಿಸ್ಕೋಬಹುದಿತ್ತಲ್ಲ ಅಂತೀರಾ? ತಿಂಗಳ ಕೊನೆ, ವಿದ್ಯಾರ್ಥಿವೇತನ ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಒಬ್ಬರೂ ಅವನಿಗೆ ಹೇಳಿ ಹೋಗಿರಲಿಲ್ಲ ಅನ್ನೋದು ಇವತ್ತಿಗೂ ಚುಚ್ಚುತ್ತೆ.

ಅವನೇನೂ ಅಜಾಗರೂಕನಲ್ಲ. 2024ರಲ್ಲಿ ಇಲ್ಲಿಗೆ ಬಂದ ಹೊಸದರಲ್ಲಿ ಸೆಪ್ಟೆಂಬರ್ 7ಕ್ಕೆ ಗಣೇಶನ ಹಬ್ಬ ನೋಡಿದ್ದ. ಫೋನಿನಲ್ಲಿ 'ಪ್ರತಿ ವರ್ಷ' ಅಂತ ರಿಮೈಂಡರ್ ಇಟ್ಟಿದ್ದ. 2025ರಲ್ಲಿ ಹಬ್ಬ ಬಂದದ್ದು ಆಗಸ್ಟ್ 27ಕ್ಕೆ. "ನಿಮ್ಮ ಹಬ್ಬ ಯಾಕೆ ಜಾಗ ಬದಲಾಯಿಸುತ್ತೆ?" ಅಂತ ಕೇಳಿದ. ನಾವು ಮುಖ ಮುಖ ನೋಡ್ಕೊಂಡ್ವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಪಂಚಾಂಗ ಅಂದ್ರೆ ಅಜ್ಜಿ ಮನೆಯ ಗೋಡೆಗೆ ನೇತು ಹಾಕಿರೋ ಕ್ಯಾಲೆಂಡರ್, ಅಷ್ಟೇ.

ಕೂತು ಲೆಕ್ಕ ಹಾಕಿದ್ವಿ. ಚಂದ್ರನ ಒಂದು ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳು ಕೂಡಿದರೆ 354. ಸೂರ್ಯನ ವರ್ಷ 365. ವ್ಯತ್ಯಾಸ 11 ದಿನ. ಸೆಪ್ಟೆಂಬರ್ 7ರಿಂದ 11 ದಿನ ಹಿಂದಕ್ಕೆ ಎಣಿಸಿ: ಆಗಸ್ಟ್ 27! ಲ್ಯಾಬ್‌ನಲ್ಲಿ ನಮ್ಮ ರೀಡಿಂಗ್ ಇಷ್ಟು ಸರಿಯಾಗಿ ಯಾವತ್ತೂ ಬಂದಿಲ್ಲ.

ಹೀಗೇ ಬಿಟ್ಟರೆ ಗಣೇಶ ಒಂದು ದಿನ ಬೇಸಿಗೆಗೆ ಬಂದುಬಿಡ್ತಾನೆ. ರಂಜಾನ್ ತಿಂಗಳು ಹಾಗೆಯೇ ಸರಿಯುತ್ತೆ, ಸುಮಾರು 33 ವರ್ಷಕ್ಕೆ ಎಲ್ಲಾ ಋತುಗಳನ್ನೂ ಸುತ್ತಿ ಬರುತ್ತೆ. ನಮ್ಮ ಪಂಚಾಂಗದಲ್ಲಿ ಮಾತ್ರ ಒಂದು ಕರೆಕ್ಷನ್ ಇದೆ, ಅದೇ ಅಧಿಕ ಮಾಸ. ಸೂರ್ಯ ರಾಶಿ ಬದಲಿಸೋದಕ್ಕೆ ಸಂಕ್ರಮಣ ಅಂತಾರೆ. ಯಾವ ಚಾಂದ್ರಮಾಸದಲ್ಲಿ ಒಂದೂ ಸಂಕ್ರಮಣ ಬೀಳಲ್ವೋ ಅದು ಅಧಿಕ, ಮುಂದಿನ ತಿಂಗಳಿಗೆ ಅದೇ ಹೆಸರು ಇನ್ನೊಮ್ಮೆ. ಹೆಚ್ಚುಕಮ್ಮಿ 19 ವರ್ಷದಲ್ಲಿ 7 ಸಲ ಹೀಗಾಗುತ್ತೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ, ಹಾಗಾಗಿ ಗಣೇಶ ಸೆಪ್ಟೆಂಬರ್ 14ಕ್ಕೆ ಜಿಗಿದಿದ್ದಾನೆ. ಮಕರ ಸಂಕ್ರಾಂತಿ ಸೂರ್ಯನ ಲೆಕ್ಕದ್ದು, ಅದಕ್ಕೇ ಜನವರಿ 14-15 ಬಿಟ್ಟು ಕದಲಲ್ಲ.

ಅವರ ಕ್ಯಾಲೆಂಡರ್ ಕೇಳಿ ನಾವು ಸುಸ್ತು. ಇಥಿಯೋಪಿಯಾದಲ್ಲಿ ಹದಿಮೂರು ತಿಂಗಳು! ಹನ್ನೆರಡಕ್ಕೆ ತಲಾ 30 ದಿನ, ಕೊನೆಯ 'ಪಗುಮೆ'ಗೆ 5 ಅಥವಾ 6. ಹೊಸ ವರ್ಷ 'ಎಂಕುಟಾಟಾಶ್' ಸಾಮಾನ್ಯವಾಗಿ ಸೆಪ್ಟೆಂಬರ್ 11ಕ್ಕೆ, ಕೆಲವು ಸಲ 12ಕ್ಕೆ. ಕಳೆದ ಸೆಪ್ಟೆಂಬರ್‌ನಲ್ಲಿ ಅವರಿಗೆ ಶುರುವಾದದ್ದು 2018ನೇ ಇಸವಿ. (ಬೆಳಿಗ್ಗೆ ಏಳು ಗಂಟೆಗೆ ಅವರ ಊರಲ್ಲಿ 'ಒಂದು ಗಂಟೆ' ಅಂತಾರೆ. ಎಂಟು ಗಂಟೆ ಕ್ಲಾಸಿಗೆ ಲೇಟಾದಾಗ ಇದನ್ನೇ ನೆಪ ಹೇಳ್ತಾನೆ.)

ವೀಸಾ, ಎಫ್‌ಆರ್‌ಆರ್‌ಒ ನೋಂದಣಿ, ಪಿಜಿ ಮಾಲೀಕರ ಸಿ-ಫಾರ್ಮ್, ಇವೆಲ್ಲ ಕಿರಿಕಿರಿಯೇ, ಆದರೆ ಒಂದ್ಸಲ ಮುಗಿದ ಮೇಲೆ ಸ್ವಲ್ಪ ಕಾಲ ನೆಮ್ಮದಿ. ನೇಪಾಳದಿಂದ ಬಂದವರಿಗೆ ವೀಸಾ ರಗಳೆಯೇ ಇಲ್ಲ. ದಿನಾ ಎದುರಾಗೋದು ಊಟ. ದೋಸೆ ಅವನಿಗೆ ಮೊದಲ ದಿನವೇ ಹಿಡಿಸ್ತು. ಅವರ ಇಂಜೆರಾ ಕೂಡ ಹುಳಿ ಬರಿಸಿದ ಹಿಟ್ಟಿನದೇ, ಟೆಫ್ ಅನ್ನೋ ಸಣ್ಣ ಧಾನ್ಯದ್ದು. ಆದರೆ ಅವನು ಆರ್ಥೊಡಾಕ್ಸ್ ಕ್ರೈಸ್ತ, ಬುಧವಾರ ಶುಕ್ರವಾರ ಉಪವಾಸ. ಆ ದಿನ ಮಾಂಸ, ಮೊಟ್ಟೆ ಮಾತ್ರ ಅಲ್ಲ, ಹಾಲು, ಮೊಸರು, ತುಪ್ಪವೂ ಇಲ್ಲ. "ಪ್ಯೂರ್ ವೆಜ್" ಬೋರ್ಡ್ ಕೆಳಗೆ ನಿಂತು ತುಪ್ಪ ಹಾಕಿದ್ದೀರಾ ಅಂತ ಕೇಳಿದರೆ ಸಪ್ಲೈಯರ್, "ಒರಿಜಿನಲ್ ತುಪ್ಪಾನೇ ಸಾರ್" ಅಂತ ಹೆಮ್ಮೆಯಿಂದ ಹೇಳ್ತಾರೆ! ಆಗಸ್ಟ್ 27 ಕೂಡ ಬುಧವಾರವೇ. ನಾವು ಫೋನ್ ಮಾಡಿ ಪಕ್ಕದ ಬೇಕರಿಯ ಎಗ್ ಪಫ್ ತಿನ್ನು ಅಂದಿದ್ದರೂ ಪ್ರಯೋಜನ ಆಗ್ತಿರಲಿಲ್ಲ.

ಈಗ ಪಿಜಿಯ ಫ್ರಿಜ್ ಮೇಲೆ ಹಬ್ಬದ ಪಟ್ಟಿ ಅಂಟಿಸಿದ್ದೀವಿ. ಮೆಸ್ ರಜೆ ಕೆಂಪು ಪೆನ್ನಲ್ಲಿ, ಯಾರ ಮನೆಗೆ ಅವನು ಬರ್ತಾನೆ ಅನ್ನೋದು ನೀಲಿಯಲ್ಲಿ. 2026ರಲ್ಲಿ ಅವನ ಹೊಸ ವರ್ಷ ಸೆಪ್ಟೆಂಬರ್ 11, ನಮ್ಮ ಗಣೇಶ 14, ಮಧ್ಯೆ ಎರಡೇ ದಿನ. ಕಾಫಿ ಬೀಜ ಹುರಿದು ಅವರ ಕ್ರಮದಲ್ಲೇ ಮೂರು ಸುತ್ತು ಕಾಫಿ ಕೊಡ್ತೀನಿ ಅಂದಿದ್ದಾನೆ. ಕಡುಬು ನಮ್ಮ ಪಾಲು. 11 ಶುಕ್ರವಾರ, ಹಾಗಾಗಿ ಹೂರಣಕ್ಕೆ ಕಾಯಿ ಬೆಲ್ಲ ಅಷ್ಟೇ, ಕರಿಯೋದು ಎಣ್ಣೆಯಲ್ಲಿ.